ಲೋಟ ಕೊಟ್ಟು ಹಿಂದೆ ಸರಿಯಬಾರದು

ಹಳ್ಳಿಯ ಹುಡುಗಿಯರಿಗೆ ಹೋಟೆಲ್ ಕೆಲಸ ಕಲಿಸುವ ನೌಕರಿ ಸಿಕ್ಕಿದೆ ಎಂದು ನಾನು ಹೇಳಿದಾಗ ನಮ್ಮವ್ವ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತದೆ, "ಹೋಟ್ಲ ಕೆಲಸ ಅಂದ್ರ ಏನು ಕಲಿಸ್ತೀ?" ಎಂದು ಕೇಳಿದಳು. ಹಾಸಿಗೆ ಹಾಸುವುದು, ಮೇಜು ಜೋಡಿಸುವುದು, ಬಂದವರಿಗೆ ನೀರು ಕೊಡುವುದು, ಬಡಿಸುವುದು ಎಂದೆ.

"ನೀರು ಕೊಡಾದು ಕಲಿಸಾಕ ಪಗಾರ ಕೊಡ್ತಾರಾ? ಯಾರವ್ವಾ ಅವ್ರು, ರೊಕ್ಕ ಹೆಚ್ಚಾದವ್ರು?" ಎಂದು ನಕ್ಕಳು. ನಗುವಾಗ ಅವಳ ಹೊಟ್ಟೆ ಕುಲುಕಿ ಮೊರದ ಅಕ್ಕಿ ನೆಲಕ್ಕೆ ಚೆಲ್ಲಿತು. ಅದನ್ನೂ ನನ್ನ ಕೈಯಿಂದಲೇ ಆಯಿಸಿದಳು.

ಆಗ ಹೊಸಪೇಟೆಯಲ್ಲಿ ರೊಕ್ಕ ಹೆಚ್ಚಾದವರಿಗೆ ಬರವಿರಲಿಲ್ಲ. ಸಂಡೂರಿನ ಗುಡ್ಡ ಅಗೆದು ಕಬ್ಬಿಣದ ಅದಿರು ತುಂಬಿಕೊಂಡ ಲಾರಿಗಳು ಹಗಲೂ ರಾತ್ರಿ ಸಾಲುಗಟ್ಟಿ ಬರುತ್ತಿದ್ದವು. ಅವುಗಳ ಕೆಂಧೂಳಿಗೆ, ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕಾವಿಯಾಗುತ್ತಿತ್ತು. ಇಡೀ ಊರಿಗೇ ಸನ್ಯಾಸ ಕೊಟ್ಟಿದ್ದಾರೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅದಿರು ಕೊಳ್ಳಲು ದಿಲ್ಲಿಯವರು, ಚೆನ್ನೈಯವರು, ಕೊನೆಗೆ ಚೀನಾದವರೂ ಬಂದಿಳಿದರು. ಅವರಿಗೆ ಮಲಗಲು ಕೋಣೆ ಬೇಕು, ಮೀಯಲು ಬಿಸಿನೀರು ಬೇಕು, ನಗುನಗುತ್ತ ಬಡಿಸುವವರು ಬೇಕು. ಹೋಟೆಲುಗಳು ಅಣಬೆಯ ಹಾಗೆ ಎದ್ದವು, ಕೆಲಸದವರು ಮಾತ್ರ ಏಳಲಿಲ್ಲ. ಗಂಡುಹುಡುಗರೆಲ್ಲ ಟಿಪ್ಪರಿನ ಸ್ಟೇರಿಂಗ್ ಹಿಡಿದುಬಿಟ್ಟಿದ್ದರು. ಆಗ ಒಂದು ಸೇವಾ ಸಂಸ್ಥೆಯವರಿಗೆ ಹಳ್ಳಿಯ ಬಡ ಹೆಣ್ಣುಮಕ್ಕಳ ನೆನಪಾಯಿತು. ತಡವಾಗಿಯಾದರೂ ಆಯಿತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ.

ತರಬೇತಿ ನಡೆಯುತ್ತಿದ್ದದ್ದು ಒಂದು ಹಳೆಯ ಕಲ್ಯಾಣಮಂಟಪದ ಊಟದ ಹಾಲಿನಲ್ಲಿ. ಮದುವೆಯ ಸೀಜನ್ನು ಬಂದರೆ ನಮ್ಮ ಮೇಜು, ಕುರ್ಚಿ, ಮಂಚ ಎಲ್ಲವನ್ನೂ ಮಾಳಿಗೆಗೆ ಹೊತ್ತು, ಕೆಳಗಿನಿಂದ ಬರುವ ಒಗ್ಗರಣೆಯ ಘಾಟಿಗೆ ಸೀನುತ್ತ ಪಾಠ ಮಾಡುತ್ತಿದ್ದೆವು. ಹುಡುಗಿಯರು ಹಿಂದಿನ ಕೋಣೆಗಳಲ್ಲೇ ಉಳಿದುಕೊಳ್ಳುತ್ತಿದ್ದರು. ಬಂಡ್ರಿ, ಮಲಪನಗುಡಿ, ಪಾಪಿನಾಯಕನಹಳ್ಳಿ, ಕಂಪ್ಲಿಯ ಸುತ್ತಿನ ಹಳ್ಳಿಗಳಿಂದ ಬಂದವರು. ಊಟ, ವಸತಿ, ಒಂದು ಬಿಳಿ ಅಂಗಿ, ಒಂದು ಕರಿ ಪ್ಯಾಂಟು ಪುಕ್ಕಟೆ. ಪ್ಯಾಂಟು ಹಾಕಿಕೊಂಡ ಮೊದಲ ದಿನ ಒಬ್ಬಳೂ ಕೋಣೆಯಿಂದ ಹೊರಗೆ ಬರಲಿಲ್ಲ. ನಾನು ಬಾಗಿಲಲ್ಲಿ ನಿಂತು ಜೋರು ಮಾಡಿದ ಮೇಲೆ ಒಬ್ಬರ ಬೆನ್ನಿಗೆ ಒಬ್ಬರು ಅಡಗಿಕೊಂಡು ಬಂದರು.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಕಂಪ್ಲಿಯವಳು. ಅಪ್ಪ ಕಾಲುವೆ ದುರಸ್ತಿಯ ಗ್ಯಾಂಗಿನಲ್ಲಿ ದುಡಿದು, ಅವ್ವ ಕಂಡವರ ಗದ್ದೆಯಲ್ಲಿ ಸಸಿ ನೆಟ್ಟು ನನ್ನನ್ನು ಓದಿಸಿದರು. ಹೋಟೆಲಿನ ಡಿಪ್ಲೊಮಾ ಮುಗಿಸಿ ಗೋವಾದಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಅಪ್ಪ ಹೋದ ಮೇಲೆ ಅವ್ವನಿಗೆ ಮಂಡಿನೋವು ಶುರುವಾಯಿತು. ಹೊಸಪೇಟೆಯಲ್ಲಿ ಮನೆ ಮಾಡಿ ಅವಳನ್ನು ಕರೆತಂದೆ. ಬಾಡಿಗೆ ಮನೆ ಹುಡುಕುವಾಗ ಎಲ್ಲರದೂ ಒಂದೇ ಪ್ರಶ್ನೆ: "ನಿಮ್ಮ ಮನಿದೇವ್ರು ಯಾವ್ದ್ರಿ?" ಜಾತಿ ಕೇಳುವುದು ಒಳ್ಳೆಯದಲ್ಲ ಎಂದು ನಮ್ಮ ಕಡೆಯ ಜನಕ್ಕೆ ಗೊತ್ತು. ದೇವರನ್ನು ಕೇಳಿದರೆ ತಪ್ಪಿಲ್ಲವಲ್ಲ! "ಬುದ್ಧ" ಎನ್ನುತ್ತಿದ್ದೆ. ಅಷ್ಟರಲ್ಲಿ ಆ ಮನೆ ಬೇರೆ ಯಾರಿಗೋ ಮಾತಾಗಿಬಿಟ್ಟಿರುತ್ತಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಇಂಥ ಊರಿನಲ್ಲಿ ಅದು ಇನ್ನೆಲ್ಲಿರಬೇಕು?

ಹುಡುಗಿಯರ ಮೇಲೆ ಮಾತ್ರ ಕೋಪ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಊಟದ ಹಾಲಿಗೆ ಬಂದ ಅತಿಥಿಯನ್ನು ಬಾಗಿಲಲ್ಲಿ ಹೇಗೆ ಮಾತಾಡಿಸಬೇಕು ಎಂದು ಒಂದು ದಿನ ಹೇಳಿಕೊಡುತ್ತಿದ್ದೆ. ನಾನೇ ಅತಿಥಿಯಾಗಿ ಒಳಗೆ ಬಂದೆ. ಮಲಪನಗುಡಿಯ ಹುಡುಗಿಯೊಬ್ಬಳು ಕೈ ಮುಗಿದು, ಮುಖ ಅರಳಿಸಿ, "ಬರ್ರಿ ಬರ್ರಿ, ಊಟ ಆತೇನ್ರಿ?" ಎಂದಳು. ಊಟ ಆಗಿದ್ದರೆ ನಾನು ಇಲ್ಲಿಗೆ ಯಾಕೆ ಸಾಯಲಿಕ್ಕೆ ಬರುತ್ತಿದ್ದೆ ಎಂದು ಕೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಮನೆಗೆ ಬಂದವರನ್ನು ಊಟದ ಮಾತಿನಿಂದಲೇ ಮಾತಾಡಿಸಬೇಕು ಎಂದು ಹುಟ್ಟಿದಾಗಿನಿಂದ ಕಲಿತವಳಿಗೆ ನಾನು ಅದನ್ನು ಬಿಡಿಸಿ 'ಗುಡ್ ಈವ್ನಿಂಗ್' ಕಲಿಸಬೇಕಿತ್ತು. ಅವಳು ಕೊನೆಗೆ ಎರಡನ್ನೂ ಸೇರಿಸಿ ಹೇಳುವುದನ್ನು ರೂಢಿ ಮಾಡಿಕೊಂಡಳು. ನಾನೂ ಸುಮ್ಮನಾದೆ.

ಆ ತಂಡದಲ್ಲಿ ಬಂಡ್ರಿಯಿಂದ ಬಂದವರು ಇಬ್ಬರು. ಒಬ್ಬಳು ಗೌಡರ ಮನೆಯವಳು. ಗೌಡರೆಂದರೆ ದೊಡ್ಡ ಸಿರಿವಂತರೇನಲ್ಲ. ಲಾರಿ ದಾರಿಯ ಪಕ್ಕದಲ್ಲಿ ಹೊಲ, ಅಲ್ಲಿ ಬೆಳೆದ ಶೇಂಗಾ ಗಿಡದ ಎಲೆ ಹಸಿರೋ ಕೆಂಪೋ ಗೊತ್ತಾಗದ ಸ್ಥಿತಿ. ಹಣೆಗೆ ವಿಭೂತಿ ಇಟ್ಟುಕೊಂಡೇ ತರಗತಿಗೆ ಬರುತ್ತಿದ್ದ, ಮಾತು ಕಡಿಮೆ ಆಡುವ ಹುಡುಗಿ. ಇನ್ನೊಬ್ಬಳು ಅದೇ ಊರಿನ ಹೊರಗಿನ ಕೇರಿಯವಳು. ಹತ್ತನೆಯ ತರಗತಿ ಪಾಸಾಗಿ, ಅವ್ವನ ಜೊತೆ ಅದಿರು ರಾಶಿ ಹಾಕುವ ಪ್ಲಾಟಿನಲ್ಲಿ ಸುತ್ತಿಗೆ ಹಿಡಿದು ಕಲ್ಲು ಒಡೆಯುತ್ತಿದ್ದವಳು. ಬಂದಾಗ ಅವಳ ಉಗುರಿನ ಸಂದಿಯೆಲ್ಲ ಕೆಂಪಾಗಿತ್ತು. ಎಷ್ಟು ತಿಕ್ಕಿದರೂ ಹೋಗದೆ, ಮೆಹಂದಿ ಹಚ್ಚಿದ್ದೀಯಾ ಎಂದು ಉಳಿದವರು ಕೇಳುತ್ತಿದ್ದರು. ಈ ಬರಹ ಅವಳ ಬಗ್ಗೆಯೇ.

ನಾನು ಕಲಿಸಿದವರಲ್ಲಿ ಅಷ್ಟು ಚುರುಕಾದವಳು ಇನ್ನೊಬ್ಬಳಿರಲಿಲ್ಲ. ಅದಿರಿನ ಬುಟ್ಟಿ ಹೊತ್ತು ಪಳಗಿದವಳು, ತಟ್ಟೆ ಜೋಡಿಸಿದ ದೊಡ್ಡ ಟ್ರೇ ಎತ್ತಿದರೆ ಒಂದು ಚಮಚವೂ ಅಲುಗುತ್ತಿರಲಿಲ್ಲ. ಇಂಗ್ಲಿಷಿನ ಹತ್ತಾರು ತಿಂಡಿಗಳ ಹೆಸರು ಒಮ್ಮೆ ಹೇಳಿದರೆ ಸಾಕು. ಧ್ವನಿಯಂತೂ ಗಂಟೆ ಹೊಡೆದ ಹಾಗೆ. ಆದರೆ ಅತಿಥಿಗೆ ನೀರು ಕೊಡುವ ಪಾಠ ಬಂದ ದಿನ ಅವಳು ಬೇರೆಯೇ ಹುಡುಗಿಯಾದಳು. ಲೋಟವನ್ನು ಮೇಜಿನ ತುದಿಯಲ್ಲಿಟ್ಟು, ಸರಕ್ಕನೆ ಹಿಂದಕ್ಕೆ ಸರಿದು, ತಲೆ ತಗ್ಗಿಸಿ ನಿಂತಳು. ಬಡಿಸು ಎಂದರೆ ಸೌಟನ್ನು ಮೇಲಿನಿಂದಲೇ ಬಗ್ಗಿಸಿದಳು. ಸಾರು ಮೇಜಿಗೆಲ್ಲ ಸಿಡಿಯಿತು. ಹತ್ತಿರ ಹೋಗಿ ನಿಧಾನಕ್ಕೆ ಬಡಿಸು ಎಂದೆ. ಹತ್ತಿರ ಹೋದಳು, ಬಡಿಸಿದಳು, ಮತ್ತೆ ಹಿಂದೆ ಸರಿದಳು.

"ಏನಲೇ, ಗೆಸ್ಟ್ ಕಡೀತಾರೇನು?" ಎಂದು ಯಾರೋ ಗೇಲಿ ಮಾಡಿದರು. ಗೌಡರ ಹುಡುಗಿ ಮಾತ್ರ ನಗಲಿಲ್ಲ, ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡಳು. ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಆ ಹಿಂದೆ ಸರಿಯುವ ಹೆಜ್ಜೆಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಗದ್ದೆಯ ಯಜಮಾನರ ಮನೆಗೆ ಅವ್ವ ಸೊಪ್ಪು, ಕಾಯಿ ಏನಾದರೂ ಒಯ್ದರೆ ಅಂಗಳದಲ್ಲಿಟ್ಟು ಹೀಗೆಯೇ ಸರಿದು ನಿಲ್ಲುತ್ತಿದ್ದಳು. ಅವರು ಬಂದು ಎತ್ತಿಕೊಂಡ ಮೇಲೆಯೇ ಅವಳಿಗೆ ಮಾತು. ನೀರಡಿಕೆಯಾದರೆ ಬೊಗಸೆಯೊಡ್ಡಿ ಕೂರುತ್ತಿದ್ದಳು, ಅವರು ಎತ್ತರದಿಂದ ಸುರಿಯುತ್ತಿದ್ದರು. ಬೊಗಸೆಯಿಂದ ಸೋರಿದ ನೀರು ಮೊಣಕೈಗುಂಟ ಇಳಿದು ಸೀರೆ ತೋಯುತ್ತಿತ್ತು. ಅವಳ ಕೈಯಿಂದ ಅವರು ನೀರು ಇಸಿದುಕೊಳ್ಳುವ ಮಾತೇ ಇರಲಿಲ್ಲ. ಇಂದಿಗೂ ಅವ್ವ ನನ್ನ ಮನೆಯಲ್ಲೇ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಾಳೆ. "ಕಚ್ಚಿ ಕುಡಿಯವ್ವಾ, ಇದು ನಿನ್ನ ಮನಿ" ಎಂದು ನಾನು ರೇಗಿದರೆ, "ರೂಢಿ ಬಿಡು" ಎನ್ನುತ್ತಾಳೆ.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಹುಡುಗಿಯನ್ನು ನಿಲ್ಲಿಸಿಕೊಂಡೆ. ಸೀಮೆಸುಣ್ಣದಿಂದ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೊಂದು ಗೆರೆ ಎಳೆದೆ. ಅತಿಥಿಯ ಕೈ ಲೋಟ ಹಿಡಿಯುವವರೆಗೆ ನಿನ್ನ ಪಾದ ಈ ಗೆರೆ ದಾಟಿ ಹಿಂದೆ ಹೋಗಬಾರದು ಎಂದು ಹೇಳಿ ಕುರ್ಚಿಯಲ್ಲಿ ಕುಳಿತೆ. ಅವಳು ಲೋಟ ತಂದಳು.

"ನಮ್ಮವ್ವನೂ ನಿನ್ನಂಗ ಹಿಂದಕ್ಕ ಸರೀತಿದ್ಲು" ಎಂದೆ.

ಅವಳು ಲೋಟ ಹಿಡಿದುಕೊಂಡೇ ನನ್ನ ಮುಖ ನೋಡಿದಳು. "ನೀವೂ ನಮ್ಮವ್ರೇನ್ರಿ ಮೇಡಂ?"

"ಹೂಂ. ಈಗ ನೀರು ಕೊಡು."

ಕೊಟ್ಟಳು. ಗೆರೆಯ ಮೇಲೆಯೇ ನಿಂತಿದ್ದಳು. ನಾನು ಲೋಟದ ನೀರನ್ನೆಲ್ಲ ಕುಡಿದು ಮುಗಿಸಿದೆ.

ಆಮೇಲೆ ಅವಳೇ ಮಾತು ತೆಗೆದಳು. "ದಿಲ್ಲಿಯವ್ರಿಗೆ ಕೊಡ್ತೀನ್ರಿ. ಚೀನಾದವ್ರಿಗೂ ಕೊಡ್ತೀನಿ. ಅವ್ರಿಗೆ ನಾ ಯಾರಂತ ಏನು ಗೊತ್ತೈತಿ? ಬಂಡ್ರಿಯವ್ರು ಬಂದ್ರ ಏನ್ ಮಾಡ್ಲಿ?"

"ಬಂಡ್ರಿಯವ್ರು ಅಂಥ ಹೋಟ್ಲಿಗೆ ಯಾಕ ಬರ್ತಾರ?"

"ಈಗ ಎಲ್ರೂ ಬರ್ತಾರ್ರಿ. ರೊಕ್ಕ ಬಂದೈತಲ್ಲ" ಎಂದಳು.

ಮುಂದಿನ ವಾರ ಹುಡುಗಿಯರನ್ನು ಹಂಪಿಯ ಕಡೆಗೆ ಕರೆದುಕೊಂಡು ಹೋದೆ. ಗುಡಿ ನೋಡಲಿಕ್ಕಲ್ಲ, ಆ ದಾರಿಯಲ್ಲಿ ಹೊಸದಾಗಿ ಎದ್ದಿದ್ದ ಒಂದು ದೊಡ್ಡ ಹೋಟೆಲು ನೋಡಲಿಕ್ಕೆ. ಮಲಪನಗುಡಿಯ ಹುಡುಗಿಯರು ಆ ಹೋಟೆಲಿನ ಕಾಂಪೌಂಡಿಗೆ ಇಟ್ಟಿಗೆ ಹೊತ್ತವರು, ಕಟ್ಟಿ ಮುಗಿದ ಮೇಲೆ ಒಳಗೆ ಕಾಲಿಟ್ಟಿದ್ದು ಅವತ್ತೇ. ಊಟದ ಹಾಲಿನಲ್ಲಿ ಹೋಟೆಲಿನ ಸಿಬ್ಬಂದಿಯ ಒಬ್ಬ ಹೆಂಗಸು, ತಲೆಗೂದಲು ಎತ್ತಿ ಕಟ್ಟಿ, ಮೇಜಿನಿಂದ ಮೇಜಿಗೆ ಹೋಗುತ್ತ ಅತಿಥಿಗಳನ್ನು ಮಾತಾಡಿಸುತ್ತಿದ್ದಳು. ದೊಡ್ಡ ದೊಡ್ಡ ಸೂಟಿನವರು ತಲೆ ಎತ್ತಿ ಅವಳು ಹೇಳುವುದನ್ನು ಕೇಳುತ್ತಿದ್ದರು. ಬಂಡ್ರಿಯ ಕೇರಿಯ ನನ್ನ ಹುಡುಗಿ ಕಂಬಕ್ಕೆ ಆತುಕೊಂಡು ಅದನ್ನೇ ನೋಡುತ್ತಿದ್ದಳು.

"ನಾ ಇಲ್ಲೇ ನಿಲ್ಬೇಕ್ರಿ ಮೇಡಂ" ಎಂದಳು, ಹೊರಗೆ ಬರುವಾಗ.

ಆ ಹೋಟೆಲಿನ ಮ್ಯಾನೇಜರು ಮಂಗಳೂರಿನ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ನಮ್ಮ ಬಯಲುಸೀಮೆ ಅವರಿಗೆ ಚೀನಾದಷ್ಟೇ ದೂರ. ಕೆಲವು ದಿನಗಳ ನಂತರ ಅವರು ನಮ್ಮ ತರಗತಿಗೆ ಬಂದು ಹುಡುಗಿಯರ ಕೆಲಸ ನೋಡಿದರು. ಆಯ್ದವರನ್ನು ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಹೇಳಿದರು. ಹೆಚ್ಚಿನವರು ಕೋಣೆ ಸ್ವಚ್ಛ ಮಾಡಲು, ಒಬ್ಬಿಬ್ಬರು ಮಾತ್ರ ಊಟದ ಹಾಲಿಗೆ. ನನ್ನ ಹುಡುಗಿಯ ಸರದಿ ಬಂತು. ಅಪರಿಚಿತ ಗಂಡಸಿನ ಮುಂದೆ ಗೆರೆಯ ಪಾಠವೆಲ್ಲ ಮರೆತುಹೋಯಿತು. ಲೋಟ ಇಟ್ಟವಳೇ ಗೋಡೆಯವರೆಗೂ ಸರಿದುಬಿಟ್ಟಳು.

"ಹುಡುಗಿ ಒಳ್ಳೆಯವಳೇ ಮೇಡಂ. ಆದ್ರೆ ಗೆಸ್ಟ್ ಹತ್ರ ನಿಲ್ಲುದೇ ಇಲ್ಲ ಅಲ್ವಾ? ಹುಟ್ಟುಗುಣ, ಏನು ಮಾಡ್ಲಿಕ್ಕಾಗ್ತದೆ. ರೂಮ್ ಕ್ಲೀನಿಂಗಿಗೆ ಹಾಕುವ" ಎಂದರು ಮ್ಯಾನೇಜರು.

ಹುಟ್ಟುಗುಣ ಎಂಬ ಮಾತು ಕೇಳಿ ನನಗೆ ಮೈ ಉರಿಯಿತು. ಹುಟ್ಟಿನಿಂದ ಬಂದದ್ದಂತೂ ನಿಜ, ಆದರೆ ಅದು ಅವಳ ಗುಣವಲ್ಲ, ಊರಿನ ಗುಣ. ಹಾಗೆಂದು ಅವರಿಗೆ ಹೇಳಲಿಲ್ಲ. ಹೇಳಿದರೆ ಹುಡುಗಿಯ ಕೇರಿಯನ್ನು ಅವಳ ಹಣೆಗೆ ನಾನೇ ಅಂಟಿಸಿ ಕಳಿಸಿದ ಹಾಗಾಗುತ್ತಿತ್ತು. ಕೊನೆಯ ಭಾನುವಾರ ಹುಡುಗಿಯರ ಮನೆಯವರನ್ನು ಊಟಕ್ಕೆ ಕರೆದಿದ್ದೇವೆ, ಹುಡುಗಿಯರೇ ಬಡಿಸುತ್ತಾರೆ, ಅವತ್ತು ಇನ್ನೊಮ್ಮೆ ನೋಡಿ ತೀರ್ಮಾನಿಸಿ ಎಂದು ಕೇಳಿಕೊಂಡೆ. ಆಯಿತು ಎಂದರು.

ಹುಡುಗಿಗೆ ಸುದ್ದಿ ಹೇಳಿದಾಗ ಅವಳು ಅಳಲಿಲ್ಲ, ಸಿಟ್ಟಾದಳು. ನನಗೆ ಅದು ಹಿಡಿಸಿತು. "ಕಸ ಹೊಡ್ಯಾದು ನಮ್ಮವ್ವಗೂ ಬರ್ತೈತ್ರಿ. ಅವರಿವರ ಹೊಲಸು ಬಳ್ಯಾದು ನಮ್ಮ ಕೇರಿಯವ್ರಿಗೆ ಯಾರೂ ಕಲಿಸೋದು ಬ್ಯಾಡ. ಅದಕ್ಕ ಇಲ್ಲಿತನ ಬರಬೇಕಿತ್ತಾ ನಾನು?" ಎಂದಳು. ಕೋಣೆ ಸ್ವಚ್ಛ ಮಾಡುವುದು ಕೀಳು ಕೆಲಸವಲ್ಲ ಎಂದು ಉಳಿದವರಿಗೆಲ್ಲ ಪಾಠ ಹೇಳಿದವಳು ನಾನು. ಅವಳಿಗೆ ಆ ಪಾಠ ಹೇಳಲು ನಾಲಿಗೆ ಏಳಲಿಲ್ಲ.

ಭಾನುವಾರ ಬಂತು. ಹೆಸರುಬೇಳೆ ಪಾಯಸ, ಚಪಾತಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಅಡುಗೆ ನಮ್ಮೂರಿನದೇ, ಮೇಜು ಮಾತ್ರ ಹೋಟೆಲಿನದು. ಬಿಳಿ ಬಟ್ಟೆ ಹಾಸಿ, ಲೋಟದಲ್ಲಿ ಕೈವಸ್ತ್ರವನ್ನು ಹೂವಿನಂತೆ ಮಡಚಿಟ್ಟಿದ್ದರು. ಒಬ್ಬ ತಾತ ಆ ಕೈವಸ್ತ್ರ ಬಿಡಿಸಿ ತಲೆಗೆ ಸುತ್ತಿಕೊಂಡ. ಯಾರೂ ತಮ್ಮ ಊರಿನವರಿಗೇ ಬಡಿಸುವ ಹಾಗಾಗಬಾರದು ಎಂದು ನಾನು ಮೇಜುಗಳನ್ನು ಹಂಚಿಟ್ಟಿದ್ದೆ. ಆದರೆ ನನ್ನ ಏರ್ಪಾಟನ್ನು ಕೇಳುವವರು ಯಾರು? ಬಂಡ್ರಿಯ ಬಸ್ಸು ತಡವಾಗಿ ಬಂತು. ಬಂದವರು ಖಾಲಿ ಉಳಿದಿದ್ದ ಕಿಟಕಿಯ ಪಕ್ಕದ ಮೇಜಿಗೆ ಹೋಗಿ ಕುಳಿತುಬಿಟ್ಟರು. ಅದು ನನ್ನ ಹುಡುಗಿಯ ಮೇಜು.

ಕುಳಿತವರು ಗೌಡರ ಹುಡುಗಿಯ ಅಪ್ಪ ಮತ್ತು ಅಜ್ಜಿ. ಅಜ್ಜಿ ಹಣೆಯ ತುಂಬ ವಿಭೂತಿ ಬಳಿದುಕೊಂಡು, ಸೆರಗನ್ನು ತಲೆಯ ಮೇಲೆ ಹೊದ್ದು ನೆಟ್ಟಗೆ ಕುಳಿತಿದ್ದಳು. ಅದೇ ಬಸ್ಸಿನಲ್ಲಿ ನನ್ನ ಹುಡುಗಿಯ ಅವ್ವನೂ ಬಂದಿದ್ದಳು. ಆಕೆ ಹಾಲಿನ ಒಳಗೆ ಬಂದವಳು ಬಾಗಿಲ ಪಕ್ಕದಲ್ಲಿ, ಚಪ್ಪಲಿ ಬಿಟ್ಟಿದ್ದ ಜಾಗದಲ್ಲಿ ನೆಲದ ಮೇಲೆ ಕುಳಿತುಬಿಟ್ಟಿದ್ದಳು. ನಾನು ಓಡಿಹೋಗಿ, "ಮ್ಯಾಲ ಕುಂದ್ರಿ ಬರ್ರಿ, ಕುರ್ಚಿ ಐತಿ" ಎಂದೆ.

"ಇರ್ಲಿ ಬಿಡ್ರಿ ತಾಯಿ. ಇಲ್ಲೇ ಗಾಳಿ ಚೆಂದ ಬರ್ತೈತಿ" ಎಂದಳು. ಫ್ಯಾನು ತಿರುಗುತ್ತಿದ್ದದ್ದು ಹಾಲಿನ ನಡುವೆ. ಆಕೆ ನೋಡುತ್ತಿದ್ದದ್ದು ಕಿಟಕಿಯ ಪಕ್ಕದ ಮೇಜನ್ನು. ನಾನು ಕೈ ಹಿಡಿದು ಎಬ್ಬಿಸಲು ಹೋದರೆ ಮೈಯನ್ನೆಲ್ಲ ಮುದುಡಿಕೊಂಡಳು.

ಅಷ್ಟರಲ್ಲಿ ಹುಡುಗಿಯರು ನೀರಿನ ಟ್ರೇ ಹಿಡಿದು ಸಾಲಾಗಿ ಹೊರಗೆ ಬಂದರು. ಮ್ಯಾನೇಜರು ಮೂಲೆಯ ಕುರ್ಚಿಯಲ್ಲಿ ಕಾಲಿನ ಮೇಲೆ ಕಾಲು ಹಾಕಿ ಕುಳಿತಿದ್ದರು. ನನ್ನ ಹುಡುಗಿ ತನ್ನ ಮೇಜಿನ ಕಡೆ ನೋಡಿದಳು. ಯಾರು ಕುಳಿತಿದ್ದಾರೆ ಎಂದು ಕಂಡಿತು. ಮುಖ ಬಿಳಿಚಿಕೊಂಡಿತು. ಕೆಲಸ ಹೋಯಿತು ಎಂದು ನಾನು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಆಮೇಲೆ ಅವಳ ಕಣ್ಣು ಬಾಗಿಲ ಕಡೆಗೆ ಹೊರಳಿತು. ಟ್ರೇ ಹಿಡಿದುಕೊಂಡೇ ಅವ್ವನ ಹತ್ತಿರ ಬಂದಳು.

ಆಗ ನಡೆದದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಅವ್ವ ತಲೆ ಎತ್ತಿದಳು. ಬಿಳಿ ಅಂಗಿ, ಕರಿ ಪ್ಯಾಂಟು, ಎತ್ತಿ ಕಟ್ಟಿದ ಕೂದಲು, ಮೇಲಿನಿಂದ ಬರುತ್ತಿರುವ ನೀರು. ಮಗಳು ಎಂದು ಗುರುತಾಗುವ ಮೊದಲೇ ಆಕೆಯ ಎರಡೂ ಕೈ ಎದ್ದು ಬೊಗಸೆಯಾದವು. ಬಾಯಿಯ ಹತ್ತಿರ ಬೊಗಸೆ ಹಿಡಿದು, ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮುಂದೆ, ನೀರು ಸುರಿಯಲಿ ಎಂದು ಕಾದು ಕುಳಿತಳು.

ಹುಡುಗಿ ನಾನು ಕಲಿಸಿದ್ದನ್ನೆಲ್ಲ ಬಿಟ್ಟು ಟ್ರೇಯನ್ನು ನೆಲದ ಮೇಲಿಟ್ಟು ಚಪ್ಪಲಿಗಳ ನಡುವೆ ಕುಕ್ಕುರುಗಾಲಲ್ಲಿ ಕುಳಿತಳು. ಅವ್ವನ ಬೊಗಸೆ ಬಿಡಿಸಿ, ಲೋಟವನ್ನು ಕೈಗಳ ನಡುವೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದಳು.

"ಲೋಟ ಹಿಡಿಯವ್ವಾ. ಇವತ್ತು ನೀನು ಗೆಸ್ಟು."

ಅವ್ವ ಕಿಟಕಿಯ ಕಡೆ ನೋಡಿದಳು.

"ಅತ್ತಾಗ ನೋಡಬ್ಯಾಡ. ನನ್ನ ನೋಡು" ಎಂದಳು ಮಗಳು. ಧ್ವನಿ ಜೋರಾಗಿಯೇ ಇತ್ತು, ಹಾಲಿಗೆಲ್ಲ ಕೇಳಿತು.

ಆಕೆ ಮಗಳನ್ನೇ ನೋಡುತ್ತ ನೀರು ಕುಡಿದಳು. ಆಮೇಲೆ ಹುಡುಗಿ ಅವ್ವನ ರಟ್ಟೆ ಹಿಡಿದು ಎಬ್ಬಿಸಿ, ನಡುವಿನ ಮೇಜಿಗೆ ಕರೆತಂದು ಕುರ್ಚಿ ಎಳೆದು ಕೂರಿಸಿದಳು. ಅವ್ವ ಕುರ್ಚಿಯ ಅಂಚಿಗೆ, ಈಗಲೋ ಆಗಲೋ ಏಳುವವಳಂತೆ ಕುಳಿತಳು. ಆದರೆ ಏಳಲಿಲ್ಲ.

ಮ್ಯಾನೇಜರು ಕಾಲಿಳಿಸಿ ಮುಂದಕ್ಕೆ ಬಾಗಿದ್ದರು. ಹುಡುಗಿ ಕೈ ತೊಳೆದು, ಬೇರೆ ಟ್ರೇ ತೆಗೆದುಕೊಂಡು, ಕಿಟಕಿಯ ಮೇಜಿಗೆ ಹೋದಳು. ನೇರವಾಗಿ ಅಜ್ಜಿಯ ಪಕ್ಕಕ್ಕೆ ಹೋಗಿ ನಿಂತು ಲೋಟ ಮುಂದೆ ಹಿಡಿದಳು.

"ನೀರು ತಗೊಳ್ರಿ, ಗೌಡಸಾನಿ."

ಹಾಲಿನಲ್ಲಿ ಬಂಡ್ರಿಯವರಷ್ಟೇ ಅಲ್ಲ, ಎಲ್ಲ ಹಳ್ಳಿಯವರಿಗೂ ಅರ್ಥವಾಗಿತ್ತು. ಅರ್ಥವಾಗದವರು ಮ್ಯಾನೇಜರು ಒಬ್ಬರೇ. ಅಜ್ಜಿ ಲೋಟವನ್ನು ನೋಡಿದಳು, ಹುಡುಗಿಯ ಕೈ ನೋಡಿದಳು. ಗೌಡರು ಕೆಮ್ಮಿ ಕಿಟಕಿಯಾಚೆ ಏನನ್ನೋ ಹುಡುಕತೊಡಗಿದರು.

"ಬ್ಯಾಡ. ನಂದು ಇವತ್ತು ಒಪ್ಪತ್ತು" ಎಂದಳು ಅಜ್ಜಿ.

ನೀರು ಕುಡಿಯಬಾರದಂಥ ಒಪ್ಪತ್ತನ್ನು ನಾನು ಕೇಳಿರಲಿಲ್ಲ. ಹುಡುಗಿ ಹಿಂದೆ ಸರಿಯಲಿಲ್ಲ. ಲೋಟ ಹಿಡಿದ ಕೈ ಚಾಚಿಕೊಂಡೇ, ಅವಳು ನಿಂತಲ್ಲೇ ನಿಂತಿದ್ದಳು. ಅವತ್ತು ಅಲ್ಲಿ ಸೀಮೆಸುಣ್ಣದ ಗೆರೆ ಇರಲಿಲ್ಲ.

ಆಗ ಪಕ್ಕದ ಮೇಜಿಗೆ ನೀರು ಕೊಡುತ್ತಿದ್ದ ಗೌಡರ ಹುಡುಗಿ ತನ್ನ ಟ್ರೇ ಕೆಳಗಿಟ್ಟಳು. ಬಂದು, ಚಾಚಿದ ಆ ಕೈಯಿಂದ ಲೋಟ ಇಸಿದುಕೊಂಡಳು. ಅಜ್ಜಿಯ ಕಣ್ಣೆದುರಿನಲ್ಲೇ ಗಟಗಟ ಕುಡಿದಳು.

"ನಂಗ ಭಾಳ ನೀರಡಿಕಿ ಆಗಿತ್ತಜ್ಜಿ" ಎಂದು ಹೇಳಿ ಖಾಲಿ ಲೋಟವನ್ನು ಗೆಳತಿಯ ಕೈಗೆ ಕೊಟ್ಟಳು. ಅವಳ ಕಿವಿ ಕೆಂಪಾಗಿದ್ದವು. ತಿಂಗಳುಗಟ್ಟಲೆ ನನ್ನ ಹುಡುಗಿಯ ಜೊತೆ ಒಂದೇ ಕೋಣೆಯಲ್ಲಿ ಮಲಗಿದ್ದರೂ ಅವಳು ತನ್ನ ನೀರಿನ ಬಾಟಲಿಯನ್ನು ದಿಂಬಿನ ಕೆಳಗಿಟ್ಟುಕೊಳ್ಳುತ್ತಿದ್ದವಳು. ಅವಳ ಆ ಧೈರ್ಯಕ್ಕೆ ನಾನು ಇವತ್ತಿಗೂ ಋಣಿ.

ಅಜ್ಜಿಗೆ ಆಮೇಲೆ ಮೊಮ್ಮಗಳೇ ಬಡಿಸಿದಳು. ಒಪ್ಪತ್ತಿನ ಅಜ್ಜಿ ಪಾಯಸವನ್ನು ಎರಡು ಸಲ ಹಾಕಿಸಿಕೊಂಡಳು. ಗೌಡರು ಮಾತ್ರ ಸಾರು ಬೇಕಾದಾಗ ಯಾರ ಮುಖವನ್ನೂ ನೋಡದೆ ತಟ್ಟೆ ಮುಂದೆ ಸರಿಸಿದರು, ನನ್ನ ಹುಡುಗಿ ಹತ್ತಿರ ಬಾಗಿ ಒಂದು ಹನಿಯೂ ಸಿಡಿಯದಂತೆ ಬಡಿಸಿದಳು. ಅವರು ಉಂಡರು. ಹೊರಡುವಾಗ ಮೆಟ್ಟಿಲ ಹತ್ತಿರ ಅಜ್ಜಿ ನನ್ನನ್ನು ತಡೆದು ನಿಲ್ಲಿಸಿದಳು.

"ಎಲ್ಲಾ ನೀವ ಕಲಿಸಿದ್ದೇನ್ರಿ?"

"ಹೌದ್ರಿ."

"ನಿಮ್ಮ ಮನಿದೇವ್ರು ಯಾವ್ದು?"

"ಬುದ್ಧ ರೀ."

"ಅದಕ್ಕ!" ಎಂದಳು ಅಜ್ಜಿ, ಎಲ್ಲ ಲೆಕ್ಕ ಸರಿಹೋದವಳ ಹಾಗೆ ತಲೆಯಾಡಿಸಿ ಮೆಟ್ಟಿಲಿಳಿದಳು. ನನಗೆ ಕೋಪ ಬರಬೇಕಿತ್ತು, ನಗು ಬಂತು. ಜೀವನದಲ್ಲಿ ಮೊದಲ ಸಲ ಆ ಪ್ರಶ್ನೆಗೆ ಉತ್ತರ ಕೊಟ್ಟು ಖುಷಿಯಾಗಿತ್ತು.

ಮ್ಯಾನೇಜರು ಕೈ ಒರೆಸಿಕೊಳ್ಳುತ್ತ ಬಂದರು. "ಮೊದಲು ಮೇಜಿನವರಿಗೆ ಕೊಡ್ಬೇಕಿತ್ತು ನೀರು. ನೆಲದಲ್ಲಿ ಟ್ರೇ ಇಟ್ಟದ್ದೂ ತಪ್ಪು" ಎಂದರು. ನಾನು ಜಗಳಕ್ಕೆ ತಯಾರಾದೆ. ಅವರೇ ಮುಂದುವರಿಸಿದರು: "ಆದ್ರೆ ನೋಡಿ, ಆ ಅಜ್ಜಿ ಬೇಡ ಅಂದ್ರೂ ಹುಡುಗಿ ಮುಖ ಸಣ್ಣ ಮಾಡ್ಲಿಲ್ಲ, ಹಿಂದೆ ಹೋಗ್ಲಿಲ್ಲ. ಅದು ಸರ್ವಿಸಲ್ಲಿ ಎಷ್ಟು ವರ್ಷ ಆದವರಿಗೂ ಬರುದಿಲ್ಲ. ಊಟದ ಹಾಲಿಗೇ ತಕೊಳ್ತೇನೆ. ಮೊನ್ನೆ ಗೋಡೆಗೆ ಅಂಟಿಕೊಂಡಿದ್ದವಳಲ್ಲ ಅವಳು? ಏನು ಮಾಡಿದ್ರಿ ಮೇಡಂ?"

"ನಾನೇನೂ ಮಾಡಲಿಲ್ಲ ಸರ್. ಅವರ ಅವ್ವನಿಗೆ ನೀರಡಿಕ್ಯಾಗಿತ್ತು" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ಮನಸ್ಸು ನನಗೂ ಆಗಲಿಲ್ಲ.

ಹುಡುಗಿಗೆ ಸುದ್ದಿ ಹೇಳಿದೆ. ಅವಳು ಅವ್ವನನ್ನು ತಬ್ಬಿಕೊಂಡು, ಭಾನುವಾರವಿಡೀ ತಡೆದಿಟ್ಟುಕೊಂಡಿದ್ದನ್ನೆಲ್ಲ ಅತ್ತುಬಿಟ್ಟಳು. ಅವ್ವ ಅವಳ ಬಿಳಿ ಅಂಗಿ ಮುಟ್ಟಿದರೆ ಎಲ್ಲಿ ಕೆಂಪಾಗುತ್ತದೋ ಎಂದು ಅದಿರಿನ ಬಣ್ಣ ಹತ್ತಿದ ಕೈಗಳನ್ನು ದೂರ ಹಿಡಿದುಕೊಂಡಿದ್ದಳು. ಗೌಡರ ಹುಡುಗಿಗೆ ಕೋಣೆಗಳ ಕಡೆ ಕೆಲಸ ಸಿಕ್ಕಿತು. ಅಜ್ಜಿಯ ಬೈಗುಳವೆಲ್ಲ ಮುಗಿದ ಮೇಲೆ ಕೆಲವು ದಿನ ತಡವಾಗಿ ಅವಳೂ ಬಂದು ಸೇರಿಕೊಂಡಳು.

ಆ ಸಂಜೆ ಮನೆಗೆ ಬಂದಾಗ ನಮ್ಮವ್ವ ಹೊಸ್ತಿಲಲ್ಲಿ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ನಾನು ಚಪ್ಪಲಿ ಬಿಡುತ್ತ ಬಿಡುತ್ತಲೇ ನಡೆದದ್ದನ್ನೆಲ್ಲ ಹೇಳಿದೆ. ಗೌಡಸಾನಿಯ ಒಪ್ಪತ್ತಿಗೆ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದಳು.

"ಆ ಹುಡುಗಿ ಅವ್ವ ನೀರು ಹೆಂಗ ಕುಡದ್ಲು?" ಎಂದು ಕೇಳಿದಳು. "ಎತ್ತಿ ಕುಡದ್ಲಾ, ಕಚ್ಚಿ ಕುಡದ್ಲಾ?"

ನೆನಪು ಮಾಡಿಕೊಂಡೆ. "ಕಚ್ಚಿ."

ಅವ್ವ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ನಂಗೂ ಒಂದು ಲೋಟ ನೀರು ತಾ" ಎಂದಳು.

ತಂದು ಕೊಟ್ಟೆ. ಎಣ್ಣೆಯ ಕೈಗಳನ್ನು ಸೀರೆಗೆ ಒರೆಸಿಕೊಂಡು ಇಸಿದುಕೊಂಡಳು. ರೂಢಿಯಂತೆ ಲೋಟ ಮೇಲಕ್ಕೆ ಎದ್ದಿತು, ಅರ್ಧಕ್ಕೆ ನಿಂತಿತು. ಅದನ್ನು ನಿಧಾನವಾಗಿ ಕೆಳಗಿಳಿಸಿ, ಅಂಚನ್ನು ತುಟಿಗೆ ಇಟ್ಟುಕೊಂಡು, ಪೂರ್ತಿ ಕುಡಿದಳು.

"ನಿನ್ನ ಪಗಾರ ದಂಡ ಅಲ್ಲ ಬಿಡು" ಎಂದು ಲೋಟವನ್ನು ನನ್ನ ಕೈಗೆ ಕೊಟ್ಟಳು.